ಉಪ್ಪಾಗೆಯ ಹುಳಿ, ಲಿವರಿನ ಕೊಬ್ಬು

ಶಿರಸಿ, ಸಿದ್ದಾಪುರದ ಕಾಡುಗಳಲ್ಲಿ ಉಪ್ಪಾಗೆ ಹಣ್ಣಾಗುವುದು ಮಳೆಗಾಲದಲ್ಲಿ. ಜಡಿಮಳೆಯಲ್ಲಿ ಬಿಸಿಲಿಗೆ ಹರಡುವ ಮಾತೇ ಇಲ್ಲ. ಹೀಗಾಗಿ ಕೆಳಗೆ ಬೆಂಕಿ ಹಾಕಿ ಸಿಪ್ಪೆಯನ್ನು ಹೊಗೆಯಲ್ಲೇ ಒಣಗಿಸುತ್ತಾರೆ. ಏಣು ಏಣಾದ ಹಳದಿ ಸಿಪ್ಪೆ ಕಪ್ಪಗೆ ಸುರುಟಿಕೊಳ್ಳುತ್ತದೆ. ಮೀನುಸಾರಿಗೆ ಹುಳಿ ಇದರದ್ದೇ. ಕೊಡಗಿನಲ್ಲಿ ಅದೇ ಹಣ್ಣಿನ ರಸವನ್ನು ಕುದಿಸಿ, ಬತ್ತಿಸಿ, ಕಾಚಂಪುಳಿ ಮಾಡಿ ಬಾಟಲಿಗೆ ತುಂಬಿಡುತ್ತಾರೆ. ಹಂದಿಮಾಂಸದ ಸಾರಿಗೆ ಅದರ ನಾಲ್ಕು ಹನಿ ಬಿದ್ದರೇನೇ ರುಚಿ. ಬಳ್ಳಾರಿಯ ಕಡೆಯವರಾದ ನಾವು ಹುಣಸೆಹಣ್ಣು, ಪುಂಡಿಸೊಪ್ಪಿನ ಹುಳಿಗೆ ಒಗ್ಗಿದವರು, ಉಪ್ಪಾಗೆಯ ಗುರುತೇ ನಮಗೆ ಕಡಿಮೆ. ಅದು ನಮ್ಮೂರಿಗೆ ಬಂದಿರುವುದು ತೂಕ ಇಳಿಸುವ ಕ್ಯಾಪ್ಸೂಲಿನ ರೂಪದಲ್ಲಿ.

ಸತ್ಯನಾರಾಯಣಪೇಟೆಯ ಪರಿಚಯದ ವ್ಯಾಪಾರಿಯೊಬ್ಬರು ಅಂಥದೊಂದು ಡಬ್ಬಿ ತಂದು ನನ್ನ ಮುಂದಿಟ್ಟರು. "ಸ್ಕ್ಯಾನಿಂಗಲ್ಲಿ ಫ್ಯಾಟಿ ಲಿವರ್ ಅಂತ ಬಂದೈತೆ ಸಾರ್. ಇದು ಹಣ್ಣಿಂದ ಮಾಡಿದ್ದಂತೆ, ಏನೂ ಆಗಲ್ಲ ಅಂತಾರೆ. ತಗಬೌದಾ?" ಲೇಬಲ್ಲಿನ ಮೇಲೆ 'ಗಾರ್ಸೀನಿಯ ಕ್ಯಾಂಬೋಜಿಯ, ಶೇ 60 ಎಚ್‌ಸಿಎ' ಎಂದಿತ್ತು. ಮೊದಲನೆಯದು ಉಪ್ಪಾಗೆಯ ಹಳೆಯ ಸಸ್ಯಶಾಸ್ತ್ರೀಯ ಹೆಸರು. ಎರಡನೆಯದು ಅದರ ಹುಳಿಗೆ ಕಾರಣವಾದ ಹೈಡ್ರಾಕ್ಸಿಸಿಟ್ರಿಕ್ ಆಮ್ಲ. ಈ ಆಮ್ಲದ ಗುರುತು ಹಿಡಿದದ್ದು ನಮ್ಮದೇ ಮೈಸೂರಿನಲ್ಲಿ ಎಂಬುದು ಡಬ್ಬಿ ಮಾರುವವರಿಗೂ ಕೊಳ್ಳುವವರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ, ಅಂದರೆ ಸಿಎಫ್‌ಟಿಆರ್‌ಐ, ನಾವು ದಿನಾ ತಿನ್ನುವ ಪದಾರ್ಥಗಳ ರಸಾಯನವನ್ನು ಶ್ರದ್ಧೆಯಿಂದ ಬಿಡಿಸಿ ನೋಡಿದ ಸಂಸ್ಥೆ. ಉಪ್ಪಾಗೆಯಲ್ಲಿರುವುದು ಹುಣಸೆಯ ಟಾರ್ಟಾರಿಕ್ ಆಮ್ಲ, ಇಲ್ಲವೇ ನಿಂಬೆಯ ಸಿಟ್ರಿಕ್ ಆಮ್ಲ ಎಂದು ಅದುವರೆಗೆ ನಂಬಲಾಗಿತ್ತು. ಅಲ್ಲಿನ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ ಅದನ್ನು ಬೇರ್ಪಡಿಸಿ, ಇದು ಅವೆರಡೂ ಅಲ್ಲ, ಸಿಟ್ರಿಕ್ ಆಮ್ಲಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪು ಹೆಚ್ಚಾಗಿ ಸೇರಿದ ಆಮ್ಲ ಎಂದು 1965ರಲ್ಲಿ ಪ್ರಕಟಿಸಿದರು. ಒಣಸಿಪ್ಪೆಯ ತೂಕದಲ್ಲಿ ಆಮ್ಲದ ಪಾಲು ಶೇಕಡ 10ರಿಂದ 30ರಷ್ಟಿರುತ್ತದೆ. ತೂಕ ಇಳಿಸುವ ವಿಚಾರ ಅವರ ಕೆಲಸದಲ್ಲಿ ಎಲ್ಲೂ ಇರಲಿಲ್ಲ. ಹುಳಿ ಯಾವುದರದು ಎಂದು ತಿಳಿಯುವುದಷ್ಟೇ ಅವರ ಪ್ರಶ್ನೆ, ಅದಕ್ಕೆ ಅವರು ಕೊಟ್ಟ ಉತ್ತರ ಇಂದಿಗೂ ಗಟ್ಟಿಯಾಗಿ ನಿಂತಿದೆ.

ಒಂದು ಹೈಡ್ರಾಕ್ಸಿಲ್ ಗುಂಪಿನಿಂದ ಲಿವರಿಗೇನಾಗುತ್ತದೆ? ಅದಕ್ಕೆ ಲಿವರ್ ಕೊಬ್ಬು ಮಾಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಸಿರುಗುಪ್ಪದ ಸೋನಾಮಸೂರಿ ಅನ್ನವಾಗಲಿ, ಜೋಳದ ರೊಟ್ಟಿಯಾಗಲಿ, ಚಹಾದ ಸಕ್ಕರೆಯಾಗಲಿ, ಕೊನೆಗೆ ಸಣ್ಣ ಸಕ್ಕರೆಗಳಾಗಿ ರಕ್ತ ಸೇರುತ್ತವೆ. ಲಿವರಿನ ಜೀವಕೋಶ ಅವನ್ನು ಇನ್ನೂ ಒಡೆದು, ಮೈಟೊಕಾಂಡ್ರಿಯದೊಳಗೆ ಎರಡು ಕಾರ್ಬನ್ನಿನ ಅಸಿಟೈಲ್ ತುಣುಕುಗಳನ್ನಾಗಿ ಮಾಡುತ್ತದೆ. ಮೈಗೆ ಶಕ್ತಿ ಬೇಕಿದ್ದರೆ ಅವು ಅಲ್ಲೇ ಉರಿದುಹೋಗುತ್ತವೆ. ಬೇಡದಿದ್ದಾಗ ಕೊಬ್ಬಾಗಬೇಕು. ಆದರೆ ಕೊಬ್ಬು ತಯಾರಾಗುವುದು ಮೈಟೊಕಾಂಡ್ರಿಯದ ಹೊರಗೆ, ಮತ್ತು ಅಸಿಟೈಲ್ ತುಣುಕು ಅದರ ಪೊರೆ ದಾಟಲಾರದು. ಹಾಗಾಗಿ ಅದು ಸಿಟ್ರಿಕ್ ಆಮ್ಲದ ಭಾಗವಾಗಿ ಹೊರಗೆ ಬರುತ್ತದೆ. ಹೊರಗೆ ಎಟಿಪಿ ಸಿಟ್ರೇಟ್ ಲಯೇಸ್ ಎಂಬ ಕಿಣ್ವ ಆ ಸಿಟ್ರೇಟನ್ನು ಸೀಳಿ ಅಸಿಟೈಲ್ ತುಣುಕನ್ನು ಮತ್ತೆ ಬಿಡಿಸಿಕೊಡುತ್ತದೆ. ಇಂಥ ಎಂಟು ತುಣುಕು ಸೇರಿದರೆ ಹದಿನಾರು ಕಾರ್ಬನ್ನಿನ ಪಾಮಿಟಿಕ್ ಆಮ್ಲ, ಅಂಥ ಮೂರು ಕೊಬ್ಬಿನಾಮ್ಲಗಳು ಒಂದು ಗ್ಲಿಸರಾಲಿಗೆ ಅಂಟಿದರೆ ಟ್ರೈಗ್ಲಿಸರೈಡ್. ಲಿವರ್ ಇದನ್ನು ರಕ್ತಕ್ಕೆ ಸಾಗಿಸುತ್ತಿರುತ್ತದೆ. ಸಾಗಿಸುವುದಕ್ಕಿಂತ ಸೇರುವುದು ಹೆಚ್ಚಾದಾಗ ಜೀವಕೋಶದಲ್ಲೇ ಹನಿಹನಿಯಾಗಿ ನಿಲ್ಲುತ್ತದೆ. ನೂರಕ್ಕೆ ಐದಕ್ಕಿಂತ ಹೆಚ್ಚು ಜೀವಕೋಶಗಳಲ್ಲಿ ಹೀಗಾದರೆ ಫ್ಯಾಟಿ ಲಿವರ್.

ತಯಾರಿಕೆಯ ನಡುವೆ ಹುಟ್ಟುವ ಮೆಲೊನೈಲ್ ಕೋ-ಎ ಎಂಬ ವಸ್ತುವಿಗೆ ಇನ್ನೊಂದು ಕೆಲಸವೂ ಇದೆ. ಹಳೆಯ ಕೊಬ್ಬು ಉರಿಯಲೆಂದು ಮೈಟೊಕಾಂಡ್ರಿಯದೊಳಗೆ ಹೋಗುವುದನ್ನು ಅದು ತಡೆಯುತ್ತದೆ. ಒಂದೇ ಹೊತ್ತಿನಲ್ಲಿ ಕೂಡಿಡುವುದೂ ಸುಡುವುದೂ ನಡೆಯಬಾರದೆಂಬ ವ್ಯವಸ್ಥೆ ಅದು. ಎಂದಮೇಲೆ ಲಯೇಸ್ ಕಿಣ್ವವನ್ನು ತಡೆದರೆ ಹೊಸ ಕೊಬ್ಬೂ ಆಗದು, ಹಳೆಯದೂ ಉರಿಯುತ್ತದೆ. ಓದುವಾಗಲೇ ಆಸೆ ಹುಟ್ಟಿಸುವ ತರ್ಕ ಇದು.

ಆ ಕಿಣ್ವವನ್ನು ಉಪ್ಪಾಗೆಯ ಆಮ್ಲ ತಡೆಯುತ್ತದೆ ಎಂದು 1969ರಲ್ಲಿ ತೋರಿಸಿದವರು ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಜಾನ್ ಲೋವೆನ್‌ಸ್ಟೈನ್ ಮತ್ತು ಸಂಗಡಿಗರು. ರೂಪದಲ್ಲಿ ಸಿಟ್ರೇಟನ್ನೇ ಹೋಲುವ ಇದು ಕಿಣ್ವದಲ್ಲಿ ಸಿಟ್ರೇಟಿನ ಜಾಗ ಹಿಡಿದು ಕೂರುತ್ತದೆ, ಸೀಳಿಕೊಳ್ಳುವುದಿಲ್ಲ. ಇಲ್ಲಿ ಸೂಕ್ಷ್ಮವೊಂದಿದೆ. ಹೈಡ್ರಾಕ್ಸಿಸಿಟ್ರಿಕ್ ಆಮ್ಲಕ್ಕೆ ನಾಲ್ಕು ರೂಪ. ಪರಮಾಣುಗಳು ಅವೇ, ಅವು ತಿರುಗಿ ನಿಂತ ದಿಕ್ಕು ಮಾತ್ರ ಬೇರೆ, ಎಡಗಾಲಿನ ಮತ್ತು ಬಲಗಾಲಿನ ಚಪ್ಪಲಿಯ ಹಾಗೆ. ಆ ಕಿಣ್ವವನ್ನು ಬಲವಾಗಿ ತಡೆಯುವುದು ಅವುಗಳಲ್ಲಿ ಒಂದೇ, ಉಪ್ಪಾಗೆಯಲ್ಲಿರುವುದು. ನಮ್ಮ ಪುಂಡಿಯ ಬಳಗದ ಕೆಂಪು ರೋಸೆಲ್ ಗಿಡದಲ್ಲೂ ಹೈಡ್ರಾಕ್ಸಿಸಿಟ್ರಿಕ್ ಆಮ್ಲವಿದೆ. ಆದರೆ ಅದು ಬೇರೆ ರೂಪದ್ದು, ಈ ಕಿಣ್ವಕ್ಕೆ ಸರಿಯಾಗಿ ಹೊಂದುವುದಿಲ್ಲ. ಪುಂಡಿಪಲ್ಯವನ್ನು ರುಚಿಗಾಗಿ ಉಣ್ಣೋಣ, ಔಷಧಿ ಎಂದು ಬೇಡ.

ಎಪ್ಪತ್ತರ ದಶಕದಲ್ಲಿ ಹಾಫ್‌ಮನ್-ಲಾ ರೋಶ್ ಕಂಪನಿಯ ಪ್ರಯೋಗಾಲಯದಲ್ಲಿ ಇಲಿಗಳಿಗೆ ಇದನ್ನು ಕೊಟ್ಟರು. ಲಿವರಿನಲ್ಲಿ ಕೊಬ್ಬಿನ ತಯಾರಿ ಇಳಿಯಿತು, ಇಲಿಗಳು ತಿನ್ನುವುದೂ ಕಡಿಮೆಯಾಯಿತು. ಆದರೆ ಅವು ದಿನಕ್ಕೊಂದೇ ಹೊತ್ತು, ಗ್ಲೂಕೋಸ್ ತುಂಬಿದ ಆಹಾರ ತಿನ್ನಲು ರೂಢಿಸಿದ ಇಲಿಗಳು. ಸಕ್ಕರೆಯಿಂದ ಕೊಬ್ಬು ಮಾಡುವ ಕೆಲಸ ಅಂಥ ಲಿವರಿನಲ್ಲಿ ಜೋರಾಗಿರುತ್ತದೆ. ಜೋರಾಗಿ ನಡೆಯುವುದನ್ನು ತಡೆದರೆ ಫಲವೂ ಎದ್ದು ಕಾಣುತ್ತದೆ.

ಮನುಷ್ಯರ ಮೇಲಿನ ಹೆಸರುವಾಸಿ ಪರೀಕ್ಷೆ ನ್ಯೂಯಾರ್ಕಿನಲ್ಲಿ ನಡೆದು 1998ರಲ್ಲಿ ಪ್ರಕಟವಾಯಿತು. ಮೈತೂಕ ಹೆಚ್ಚಿದ್ದ 135 ಮಂದಿಯಲ್ಲಿ ಕೆಲವರಿಗೆ ದಿನಕ್ಕೆ 1,500 ಮಿಲಿಗ್ರಾಂ ಉಪ್ಪಾಗೆಯ ಆಮ್ಲ, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ, ಎಲ್ಲರಿಗೂ ನಾರಿನಂಶ ಹೆಚ್ಚಿದ ಮಿತವಾದ ಊಟ. 12 ವಾರಗಳಲ್ಲಿ ಆಮ್ಲ ತೆಗೆದುಕೊಂಡವರು ಸರಾಸರಿ 3.2 ಕಿಲೋ ಇಳಿದರು, ಹುಸಿಮಾತ್ರೆಯವರು 4.1 ಕಿಲೋ. ಸಂಖ್ಯಾಶಾಸ್ತ್ರದ ಪ್ರಕಾರ ಆ ವ್ಯತ್ಯಾಸಕ್ಕೆ ಅರ್ಥವಿಲ್ಲ. ಇಳಿದದ್ದು ಊಟದಿಂದಲೇ ಹೊರತು ಮಾತ್ರೆಯಿಂದಲ್ಲ ಎಂದಷ್ಟೇ ಹೇಳಬಹುದು.

ಏಕೆ ಹೀಗಾಯಿತು ಎಂಬುದಕ್ಕೆ ಒಂದು ಸುಳಿವು 2005ರ ಅಧ್ಯಯನದಲ್ಲಿದೆ. ಫ್ಯಾಟಿ ಲಿವರ್ ಇದ್ದ ಕೆಲವು ರೋಗಿಗಳ ಆಹಾರ ಮತ್ತು ರಕ್ತಕ್ಕೆ ಗುರುತು ಹಾಕಿದ ಪರಮಾಣುಗಳನ್ನು ಸೇರಿಸಿ, ಲಿವರಿನ ಕೊಬ್ಬು ಎಲ್ಲಿಂದ ಬಂತೆಂದು ಪತ್ತೆಹಚ್ಚಿದರು. ಶೇಕಡ 59ರಷ್ಟು ಬಂದದ್ದು ಮೈಯಲ್ಲಿ ಮೊದಲೇ ಶೇಖರವಾಗಿದ್ದ ಕೊಬ್ಬು ಕರಗಿ ರಕ್ತದ ಮೂಲಕ. ಊಟದ ಎಣ್ಣೆ, ತುಪ್ಪದಿಂದ ನೇರವಾಗಿ ಬಂದದ್ದು ಶೇಕಡ 15. ಲಿವರ್ ತಾನೇ ಹೊಸದಾಗಿ ತಯಾರಿಸಿದ್ದು ಶೇಕಡ 26. ಉಪ್ಪಾಗೆಯ ಆಮ್ಲ ಮುಟ್ಟಬಹುದಾದದ್ದು ಆ 26ನ್ನು ಮಾತ್ರ. ಅದನ್ನೂ ಪೂರ್ತಿ ಮುಟ್ಟಲಾರದು. ಸಕ್ಕರೆಯಲ್ಲಿ ಅರ್ಧ ಪಾಲಿರುವ ಫ್ರಕ್ಟೋಸನ್ನು ಕರುಳಿನ ಸೂಕ್ಷ್ಮಜೀವಿಗಳು ಅಸಿಟೇಟ್ ಮಾಡುತ್ತವೆಂದೂ, ಲಿವರ್ ಅದರಿಂದ ಲಯೇಸ್ ಕಿಣ್ವದ ಹಂಗಿಲ್ಲದೆ ಕೊಬ್ಬು ಮಾಡಿಕೊಳ್ಳುತ್ತದೆಂದೂ 2020ರಲ್ಲಿ ಇಲಿಗಳಲ್ಲಿ ತಿಳಿದುಬಂತು. ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದೇ ಇರುತ್ತದೆ.

ಇಷ್ಟರ ನಡುವೆ ತೊಂಬತ್ತರ ದಶಕದಲ್ಲಿ ಈ ಮಾತ್ರೆಗಳ ಬೇಡಿಕೆಯಿಂದ ಉಪ್ಪಾಗೆ ಸಿಪ್ಪೆಯ ಬೆಲೆ ಏರಿ, ಉತ್ತರ ಕನ್ನಡದ ಕಾಡಿನಲ್ಲಿ ಜನ ಹಣ್ಣಾಗುವ ಮೊದಲೇ ಕಾಯಿ ಕೀಳತೊಡಗಿದರು. ಒಣಗಿಸಲು ರಾಶಿರಾಶಿ ಕಟ್ಟಿಗೆ ಉರಿಯಿತು. ಆ ಹಣ್ಣನ್ನು ತಿನ್ನುವ ಸಿಂಗಳೀಕಗಳಿರುವ ಕಾಡು ಅದು. ಇದನ್ನು ನೆನೆದಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಡಬ್ಬಿ ತಂದವರು ಹೇಳಿದ 'ಏನೂ ಆಗಲ್ಲ' ಎಂಬ ಮಾತು ನನ್ನನ್ನು ಹೆಚ್ಚು ಕಾಡಿತು. ಔಷಧಿಗಳಿಂದ ಲಿವರಿಗಾಗುವ ಪೆಟ್ಟನ್ನು ದಾಖಲಿಸುವ ಅಮೆರಿಕದ ವೈದ್ಯರ ಜಾಲವೊಂದು 2004ರಿಂದ 2018ರವರೆಗಿನ ತನ್ನ ದಾಖಲೆಗಳಲ್ಲಿ, ಗಾರ್ಸೀನಿಯ ಇದ್ದ ಮಾತ್ರೆಗಳಿಂದ ಲಿವರ್ ಕೆಟ್ಟ 22 ಜನರನ್ನು ಗುರುತಿಸಿತು. ಕೆಲವರು ತೆಗೆದುಕೊಂಡದ್ದು ಗಾರ್ಸೀನಿಯ ಒಂದನ್ನೇ, ಕೆಲವರದ್ದರಲ್ಲಿ ಗ್ರೀನ್ ಟೀ ಸಾರವೂ ಬೆರೆತಿತ್ತು. ಎಚ್‌ಎಲ್‌ಎ-ಬಿ 35:01 ಎಂಬ ಆನುವಂಶಿಕ ಗುರುತು ಅವರಲ್ಲಿ ಸಾಮಾನ್ಯರಿಗಿಂತ ಬಹಳ ಹೆಚ್ಚಾಗಿ ಕಂಡಿತು. ಅಂದರೆ ಇದು ಎಲ್ಲರನ್ನೂ ಕಾಡುವ ವಿಷವಲ್ಲ. ಕೆಲವರ ರೋಗನಿರೋಧಕ ವ್ಯವಸ್ಥೆ ಮಾತ್ರ ಇದಕ್ಕೆ ತಿರುಗಿಬೀಳುತ್ತದೆ. ಆ ಕೆಲವರಲ್ಲಿ ತಾನೂ ಒಬ್ಬನೆಂದು ಡಬ್ಬಿ ಕೊಳ್ಳುವಾಗ ಯಾರಿಗೂ ಗೊತ್ತಿರುವುದಿಲ್ಲ. ಲಿವರನ್ನು ಸರಿಪಡಿಸಲೆಂದು ನುಂಗಿದ್ದು ಲಿವರನ್ನೇ ಕೆಡಿಸುವುದು ಎಂಥ ಅನ್ಯಾಯ.

ಅಡುಗೆಯ ಉಪ್ಪಾಗೆಗೆ ಈ ಭಯ ಹಚ್ಚಬೇಕಾಗಿಲ್ಲ. ಒಂದು ಪಾತ್ರೆ ಸಾರಿಗೆ ಹತ್ತು ಗ್ರಾಂ ಸಿಪ್ಪೆ ಹಾಕಿದರೂ ಅದರಲ್ಲಿರುವ ಆಮ್ಲ ಒಂದರಿಂದ ಮೂರು ಗ್ರಾಂ, ಅದೂ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಅಷ್ಟನ್ನು ಒಬ್ಬರೇ ದಿನಾ, ತಿಂಗಳುಗಟ್ಟಲೆ, ಬೇರೆ ಸಾರಗಳ ಜೊತೆ ನುಂಗುವುದು ಬೇರೆಯೇ ಸಂಗತಿ.

ಲಯೇಸ್ ಕಿಣ್ವವನ್ನು ತಡೆಯುವ ಆಲೋಚನೆ ವ್ಯರ್ಥವಾಗಲಿಲ್ಲ ಎಂಬುದನ್ನೂ ಹೇಳಬೇಕು. ಬೆಂಪಿಡೋಯಿಕ್ ಆಮ್ಲ ಎಂಬ ಔಷಧಿ ಅದೇ ಕಿಣ್ವವನ್ನು ತಡೆಯುತ್ತದೆ. ಈ ಔಷಧಿಯನ್ನು ಚುರುಕುಗೊಳಿಸುವ ಇನ್ನೊಂದು ಕಿಣ್ವ ಲಿವರಿನಲ್ಲಿದೆ, ಮಾಂಸಖಂಡದಲ್ಲಿಲ್ಲ. ಹಾಗಾಗಿ ಅದು ಬೇಕಾದ ಕಡೆ ಮಾತ್ರ ಕೆಲಸ ಮಾಡುತ್ತದೆ. 2020ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದು, 2023ರಲ್ಲಿ ಸುಮಾರು 14,000 ಜನರ ಮೇಲಿನ ಪರೀಕ್ಷೆಯಲ್ಲಿ ಹೃದಯಾಘಾತದಂಥ ಅಪಾಯಗಳನ್ನು ಕಡಿಮೆ ಮಾಡಿತು. ಅದು ಕೊಲೆಸ್ಟೆರಾಲಿನ ಔಷಧಿ, ವೈದ್ಯರು ಬರೆದುಕೊಟ್ಟರೆ ಮಾತ್ರ. ತೂಕ ಇಳಿಸಲು ಅಲ್ಲ.

ಪೇಟೆಯ ಆ ಮಿತ್ರರಿಗೆ ನಾನು ಹೇಳಿದ್ದು ಇಷ್ಟು: ಡಬ್ಬಿ ಬೇಡ. ಮೈತೂಕದಲ್ಲಿ ಶೇಕಡ 5ರಷ್ಟು ಇಳಿದರೂ ಲಿವರಿನ ಕೊಬ್ಬು ಕಡಿಮೆಯಾಗುತ್ತದೆ, 7ರಿಂದ 10 ಇಳಿದರೆ ಊತವೂ ತಗ್ಗುತ್ತದೆ. ಅನ್ನ, ಸಕ್ಕರೆ ಮಿತಗೊಳಿಸಿ, ದಿನಾ ನಡೆಯಿರಿ, ಮದ್ಯ ಮುಟ್ಟಬೇಡಿ, ಸಕ್ಕರೆ ಕಾಯಿಲೆ ಇದೆಯೇ ಎಂದು ರಕ್ತ ಪರೀಕ್ಷೆ ಮಾಡಿಸಿ. ಈಗಾಗಲೇ ಇಂಥ ಮಾತ್ರೆ ತಿನ್ನುತ್ತಿರುವವರಿಗೆ ವಾಕರಿಕೆ, ವಿಪರೀತ ಸುಸ್ತು, ಚಹಾದ ಬಣ್ಣದ ಮೂತ್ರ, ಕಣ್ಣು ಹಳದಿಯಾಗುವುದು ಕಂಡರೆ ಅಂದೇ ಅದನ್ನು ನಿಲ್ಲಿಸಿ ವೈದ್ಯರ ಹತ್ತಿರ ಹೋಗಬೇಕು. ಹೋಗುವಾಗ ಡಬ್ಬಿಯನ್ನೂ ಜೊತೆಗೆ ಒಯ್ಯಿರಿ. 'ಬೇರೆ ಔಷಧಿ ಏನಾದರೂ ತಗೊಳ್ತೀರಾ' ಎಂದು ವೈದ್ಯರು ಕೇಳಿದಾಗ, ಹಣ್ಣಿನ ಮಾತ್ರೆಯನ್ನು ಔಷಧಿ ಎಂದು ಲೆಕ್ಕಕ್ಕೆ ಹಿಡಿಯದೆ 'ಇಲ್ಲ' ಎಂದುಬಿಡುವವರೇ ಹೆಚ್ಚು.