ಸೈತಾನನ ವಕೀಲನೂ ಗೂಢಲಿಪಿಯ ಪಂಡಿತನೂ

ಧರ್ಮಸಭೆಯಲ್ಲಿ ಸುಮಾರು ನಾಲ್ಕು ಶತಮಾನಗಳ ಕಾಲ ಒಂದು ವಿಲಕ್ಷಣವಾದ ಹುದ್ದೆಯಿತ್ತು. ಪುಣ್ಯಾತ್ಮರೊಬ್ಬರಿಗೆ ಸಂತಪದವಿ ನೀಡಬೇಕೆಂಬ ಕೋರಿಕೆ ರೋಮ್ ನಗರವನ್ನು ತಲುಪಿದಾಗ, ಅವರ ಸದ್ಗುಣಗಳನ್ನೂ ಅವರ ಮಧ್ಯಸ್ಥಿಕೆಯಿಂದ ನಡೆದವೆನ್ನಲಾದ ಪವಾಡಗಳನ್ನೂ ಸಂಶಯದಿಂದ ಪ್ರಶ್ನಿಸುವುದೇ ಆ ಅಧಿಕಾರಿಯ ಕರ್ತವ್ಯ. 1587ರಲ್ಲಿ ಪೋಪ್ ಐದನೆಯ ಸಿಕ್ಸ್ಟಸ್‌ರವರು ಸ್ಥಾಪಿಸಿದ ಈ ಹುದ್ದೆಗೆ ‘ವಿಶ್ವಾಸದ ಪ್ರವರ್ತಕ’ ಎಂಬ ಹೆಸರಿದ್ದರೂ ಜನರು ಆತನನ್ನು ‘ಸೈತಾನನ ವಕೀಲ’ನೆಂದೇ ಕರೆದರು. 1983ರ ಸುಧಾರಣೆಯಲ್ಲಿ ಪೋಪ್ ಎರಡನೆಯ ಜಾನ್ ಪಾಲ್‌ರವರು ಆತನ ಎದುರುವಾದದ ಪಾತ್ರವನ್ನು ಬಹುಮಟ್ಟಿಗೆ ಕಡಿಮೆಗೊಳಿಸಿದರು. ಆದರೂ ಆ ಹುದ್ದೆಯ ಹಿಂದಿದ್ದ ವಿವೇಕವು ಮರೆಯತಕ್ಕದ್ದಲ್ಲ. ನಾವು ಪ್ರೀತಿಸುವುದನ್ನೇ ನಾವು ಕಠಿಣವಾಗಿ ಪರೀಕ್ಷಿಸಬೇಕೆಂಬುದೇ ಆ ವಿವೇಕ.

ಇಂಗ್ಲೆಂಡಿನ ಗಣಕವಿಜ್ಞಾನಿ ರೋಜರ್ ನೀಧಮ್‌ರವರ ಜೀವನವೃತ್ತಾಂತವು ಈ ವಿವೇಕವನ್ನು ನೆನಪಿಗೆ ತರುತ್ತದೆ. 1935ರಲ್ಲಿ ಜನಿಸಿದ ನೀಧಮ್, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಗಣಿತವನ್ನೂ ತತ್ತ್ವಶಾಸ್ತ್ರವನ್ನೂ ಅಭ್ಯಸಿಸಿ 1961ರಲ್ಲಿ ಡಾಕ್ಟರೇಟ್ ಪಡೆದರು. ಗಣಕಯಂತ್ರದಲ್ಲಿ ಬಳಕೆದಾರರ ಗುಪ್ತಪದಗಳನ್ನು ಇದ್ದ ಹಾಗೆಯೇ ಬರೆದಿಡದೆ, ಮರಳಿ ಬಿಡಿಸಲಾಗದ ರೂಪಕ್ಕೆ ಪರಿವರ್ತಿಸಿ ಇಡುವ ಉಪಾಯವನ್ನು 1960ರ ದಶಕದಲ್ಲಿಯೇ ಸೂಚಿಸಿದವರು ಅವರು. 1980ರಿಂದ 1995ರವರೆಗೆ ಕೇಂಬ್ರಿಜ್‌ನ ಗಣಕ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದು, 2003ರಲ್ಲಿ ನಿಧನ ಹೊಂದಿದರು.

1978ರಲ್ಲಿ ಅವರು ಮೈಕಲ್ ಶ್ರೋಡರ್‌ರವರೊಡನೆ ಪ್ರಕಟಿಸಿದ ಪ್ರಬಂಧವೊಂದು ಗೂಢಲಿಪಿಶಾಸ್ತ್ರದಲ್ಲಿ ಮೈಲಿಗಲ್ಲಾಯಿತು. ದೂರದಲ್ಲಿರುವ ಇಬ್ಬರು, ಒಬ್ಬರ ಮುಖವನ್ನು ಒಬ್ಬರು ಕಾಣದೆ, ಎದುರಿಗಿರುವವರು ನಿಜವಾಗಿಯೂ ಅವರೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ ಎಂಬುದು ಅದರ ಪ್ರಶ್ನೆ. ಪ್ರಬಂಧವು ಸೂಚಿಸಿದ ವಿಧಾನಗಳಲ್ಲಿ ಒಂದನ್ನು ಹೀಗೆ ವಿವರಿಸಬಹುದು. ಪ್ರತಿಯೊಬ್ಬರಿಗೂ ಒಂದು ಪೆಟ್ಟಿಗೆಯಿದೆ; ಅದನ್ನು ಯಾರು ಬೇಕಾದರೂ ಮುಚ್ಚಬಹುದು, ತೆರೆಯುವ ಕೀಲಿಕೈ ಒಡೆಯನೊಬ್ಬನಲ್ಲಿ ಮಾತ್ರ ಇದೆ. ಅನ್ನಾ ಎಂಬವಳು ತನ್ನ ಹೆಸರನ್ನೂ ಒಂದು ಹೊಸ ಗುಪ್ತಸಂಖ್ಯೆಯನ್ನೂ ಬೆನೆಡಿಕ್ಟನ ಪೆಟ್ಟಿಗೆಯಲ್ಲಿಟ್ಟು ಕಳುಹಿಸುತ್ತಾಳೆ. ಬೆನೆಡಿಕ್ಟನು ಆ ಸಂಖ್ಯೆಯ ಜೊತೆಗೆ ತನ್ನದೊಂದು ಸಂಖ್ಯೆಯನ್ನು ಸೇರಿಸಿ ಅನ್ನಾಳ ಪೆಟ್ಟಿಗೆಯಲ್ಲಿ ಮರಳಿಸುತ್ತಾನೆ. ಅನ್ನಾ ಅವನ ಸಂಖ್ಯೆಯನ್ನು ಅವನ ಪೆಟ್ಟಿಗೆಯಲ್ಲಿಟ್ಟು ಹಿಂದಿರುಗಿಸುತ್ತಾಳೆ. ಮೂರೇ ಓಲೆಗಳು, ಪೆಟ್ಟಿಗೆಯನ್ನು ತೆರೆಯಬಲ್ಲವರಿಗೆ ಮಾತ್ರ ಉತ್ತರಿಸಲು ಸಾಧ್ಯವಾದುದರಿಂದ ಪರಸ್ಪರ ಗುರುತು ಸಿದ್ಧವಾಯಿತೆಂದು ಭಾವಿಸಲಾಯಿತು.

ಆ ಪ್ರಬಂಧದ ಕೊನೆಯ ಮಾತುಗಳು ಗಮನಾರ್ಹವಾಗಿವೆ. ಇಂತಹ ವಿಧಾನಗಳಲ್ಲಿ ನಿತ್ಯದ ಬಳಕೆಯಲ್ಲಿ ಕಂಡುಬಾರದ ಅತಿ ಸೂಕ್ಷ್ಮವಾದ ತಪ್ಪುಗಳು ಅಡಗಿರಬಹುದೆಂದೂ, ಅವುಗಳ ನಿರ್ದುಷ್ಟತೆಯನ್ನು ಪರಿಶೀಲಿಸುವ ಉಪಾಯಗಳ ಅಗತ್ಯ ಬಹಳವಿದೆಯೆಂದೂ ಲೇಖಕರು ಒಪ್ಪಿಕೊಂಡು, ಆಸಕ್ತರು ಈ ಕೆಲಸಕ್ಕೆ ಮುಂದಾಗಲೆಂದು ಪ್ರೋತ್ಸಾಹಿಸಿದ್ದರು. ತಮ್ಮ ಕೃತಿಗೆ ತಾವೇ ಎದುರುವಕೀಲರನ್ನು ಕರೆದಂತಾಯಿತು.

ಆ ಕರೆಗೆ ಓಗೊಟ್ಟವರಲ್ಲಿ ನೀಧಮ್‌ರೂ ಒಬ್ಬರು. 1989ರಲ್ಲಿ ಮೈಕಲ್ ಬರೋಸ್, ಮಾರ್ಟಿನ್ ಅಬಾದಿ ಇವರೊಡನೆ, ಯಾರು ಯಾವುದನ್ನು ಯಾವ ಆಧಾರದ ಮೇಲೆ ನಂಬಬಹುದು ಎಂಬುದನ್ನು ಗಣಿತದ ಸೂತ್ರಗಳಲ್ಲಿ ಬರೆದು ಪರೀಕ್ಷಿಸುವ ತರ್ಕವೊಂದನ್ನು ಅವರು ರೂಪಿಸಿದರು. ಅದರಿಂದ ಅನೇಕ ವಿಧಾನಗಳ ಕೊರತೆಗಳು ಬೆಳಕಿಗೆ ಬಂದವು. ಆದರೆ ನೀಧಮ್‌ರ ಸ್ವಂತ ಮೂರು ಓಲೆಗಳಲ್ಲಿ ಅಡಗಿದ್ದ ದೋಷವೊಂದನ್ನು ಆ ತರ್ಕವೂ ಹಿಡಿಯಲಿಲ್ಲ.

ಹದಿನೇಳು ವರ್ಷಗಳ ಬಳಿಕ, 1995ರಲ್ಲಿ, ಆಕ್ಸ್‌ಫರ್ಡ್‌ನ ಯುವ ಸಂಶೋಧಕ ಗೇವಿನ್ ಲೋ ಆ ದೋಷವನ್ನು ಪ್ರಕಟಿಸಿದರು. ಅವರ ನೆರವಿಗೆ ಬಂದದ್ದು ಎಫ್‌ಡಿಆರ್ ಎಂಬ ತಂತ್ರಾಂಶ. ಒಂದು ವ್ಯವಸ್ಥೆಯಲ್ಲಿ ಸಂಭವಿಸಬಹುದಾದ ಘಟನಾಸರಣಿಗಳನ್ನು ಅದು ಒಂದೂ ಬಿಡದಂತೆ ಪರಿಶೀಲಿಸುತ್ತದೆ. ಕಂಡುಬಂದುದು ಇಷ್ಟು: ಅನ್ನಾ ಮೋಸಗಾರನೊಬ್ಬನೊಡನೆ ಸದುದ್ದೇಶದಿಂದಲೇ ಸಂವಾದ ಆರಂಭಿಸಿದರೆ, ಅವನು ಅವಳ ಓಲೆಯನ್ನು ತೆರೆದು, ಬೆನೆಡಿಕ್ಟನ ಪೆಟ್ಟಿಗೆಯಲ್ಲಿಟ್ಟು, ತಾನೇ ಅನ್ನಾ ಎಂಬಂತೆ ಕಳುಹಿಸಬಹುದು. ಬೆನೆಡಿಕ್ಟನ ಉತ್ತರವನ್ನು ತೆರೆಯಲು ಅವನಿಂದಾಗದು. ಆದರೆ ಅದನ್ನು ಅನ್ನಾಳಿಗೆ ರವಾನಿಸಿದರೆ ಅವಳೇ ತೆರೆದು, ಒಳಗಿನ ಸಂಖ್ಯೆಯನ್ನು ಅವನಿಗೆ ಕಳುಹಿಸುತ್ತಾಳೆ. ಕೊನೆಗೆ ತಾನು ಅನ್ನಾಳೊಡನೆಯೇ ಮಾತನಾಡುತ್ತಿರುವೆನೆಂದು ಬೆನೆಡಿಕ್ಟನು ನಂಬುತ್ತಾನೆ. ಯಾವ ಬೀಗವೂ ಮುರಿಯಲಿಲ್ಲ, ಆದರೂ ವಂಚನೆ ನಡೆಯಿತು. ಪರಿಹಾರವೂ ಸರಳವಾಗಿತ್ತು: ಎರಡನೆಯ ಓಲೆಯಲ್ಲಿ ಬೆನೆಡಿಕ್ಟನು ತನ್ನ ಹೆಸರನ್ನೂ ಬರೆದರೆ ಸಾಕು.

ತಪ್ಪು ಎಲ್ಲಿತ್ತು? ಗಣಿತದಲ್ಲಿರಲಿಲ್ಲ, ಊಹೆಯಲ್ಲಿತ್ತು. ಶತ್ರುವು ಹೊರಗಿನವನು, ವ್ಯವಸ್ಥೆಯ ಒಳಗಿರುವವರು ಪ್ರಾಮಾಣಿಕರು ಎಂದು 1978ರಲ್ಲಿ ಭಾವಿಸಲಾಗಿತ್ತು. ಲೋ ಅವರ ಮೋಸಗಾರನೋ ತನ್ನದೇ ಪೆಟ್ಟಿಗೆ, ತನ್ನದೇ ಕೀಲಿಕೈ ಉಳ್ಳ ಒಳಗಿನ ಸದಸ್ಯ. ಪ್ರಭು ಯೇಸುವನ್ನು ಹಿಡಿದುಕೊಟ್ಟವನೂ ಹನ್ನೆರಡು ಮಂದಿ ಪ್ರೇಷಿತರಲ್ಲಿ ಒಬ್ಬನೇ ಆಗಿದ್ದನೆಂಬುದನ್ನು ಶುಭಸಂದೇಶವು ನಮ್ಮಿಂದ ಮರೆಮಾಚಿಲ್ಲ.

ದೋಷ ಹೊರಬಿದ್ದುದರಿಂದ ನೀಧಮ್‌ರ ಗೌರವಕ್ಕೆ ಕುಂದು ಬರಲಿಲ್ಲ. ಅವರು ಮುಖ್ಯಸ್ಥರಾಗಿದ್ದ ಪ್ರಯೋಗಾಲಯದಲ್ಲಿಯೇ ಲಾರೆನ್ಸ್ ಪಾಲ್ಸನ್‌ರವರು, ತಿದ್ದಿದ ವಿಧಾನವು ಸರಿಯೆಂಬುದನ್ನು ಗಣಕಯಂತ್ರದ ನೆರವಿನಿಂದ ಸಾಧಿಸಿ ತೋರಿಸಿದರು. ಅಂದಿನ ಆ ಮೂರು ಓಲೆಗಳ ಪಾಠವು ವ್ಯರ್ಥವಾಗಲಿಲ್ಲ. ಅಂತರ್ಜಾಲದ ವ್ಯವಹಾರಗಳನ್ನು ಕಾಪಾಡುವ ಟಿಎಲ್‌ಎಸ್ 1.3 ಎಂಬ ನಿಯಮಾವಳಿಯನ್ನು 2018ರಲ್ಲಿ ಪ್ರಕಟಿಸುವುದಕ್ಕೆ ಮುಂಚೆಯೇ ಸಂಶೋಧಕರು ಇಂತಹ ತರ್ಕಸಾಧನಗಳಿಂದ ಅದನ್ನು ಪರೀಕ್ಷೆಗೊಡ್ಡಿದ್ದರು.

ಪ್ರಿಯ ಓದುಗರೇ, ಒಳಗಿನವರೆಲ್ಲರೂ ಸಜ್ಜನರೇ ಎಂಬ ಊಹೆಯಿಂದ ಧರ್ಮಸಭೆಯೂ ಆಳವಾದ ಗಾಯವನ್ನು ಅನುಭವಿಸಿದೆ. ದೂರು ತಂದವರನ್ನು ಅನೇಕ ಕಡೆಗಳಲ್ಲಿ ವೈರಿಗಳಂತೆ ಕಂಡುದರ ಬೆಲೆಯನ್ನು ಎಳೆಯ ಮಕ್ಕಳು ತೆರಬೇಕಾಯಿತು. ಅಪ್ರಾಪ್ತ ವಯಸ್ಕರ ರಕ್ಷಣೆಗಾಗಿ ಪೋಪ್ ಫ್ರಾನ್ಸಿಸ್‌ರವರು 2014ರಲ್ಲಿ ವಿಶೇಷ ಆಯೋಗವನ್ನು ಸ್ಥಾಪಿಸಿದುದು ಈ ನೋವಿನ ಹಿನ್ನೆಲೆಯಲ್ಲಿಯೇ. ನಮ್ಮ ಧರ್ಮಕೇಂದ್ರಗಳ ಚಿಕ್ಕ ಜಗತ್ತಿನಲ್ಲಿಯೂ ಸಂಘದ ಲೆಕ್ಕಪತ್ರವನ್ನು ತೋರಿಸಿರೆಂದು ಕೇಳಿದವರ ಮೇಲೆ ಮುನಿಸಿಕೊಳ್ಳುವುದು ಸುಲಭ. ಲೆಕ್ಕ ಕೇಳುವುದು ಅಪನಂಬಿಕೆಯ ಕುರುಹಾಗಬೇಕಾಗಿಲ್ಲ. ಪ್ರಾಮಾಣಿಕನಾದ ಖಜಾಂಚಿಗೆ ಅದೇ ರಕ್ಷಣೆ.

ಆತ್ಮಶೋಧನೆಗೆ ಕುಳಿತಾಗ ನಾವು ಮಾಡಿದ ತಪ್ಪುಗಳನ್ನು ಎಣಿಸುತ್ತೇವೆ. ಅದರೊಂದಿಗೆ, ನಾವು ಒಮ್ಮೆಯೂ ಪ್ರಶ್ನಿಸದೆ ಬಿಟ್ಟ ಊಹೆಗಳನ್ನೂ ದೇವರ ಮುಂದಿಡೋಣ. ನಮ್ಮ ಯುವಜನರಲ್ಲಿ ಗಣಕ ಕ್ಷೇತ್ರದಲ್ಲಿ ದುಡಿಯುವವರು ಹಲವರಿದ್ದಾರೆ. ತಮ್ಮ ಕೆಲಸದಲ್ಲಿ ತಪ್ಪು ಹುಡುಕುವ ಸಹೋದ್ಯೋಗಿಯನ್ನು ಅವರು ಉಪಕಾರಿಯೆಂದು ಬರಮಾಡಿಕೊಳ್ಳಲಿ. ತನ್ನ ಕೃತಿಯ ಕೊನೆಯ ಸಾಲುಗಳಲ್ಲಿಯೇ ಪರೀಕ್ಷಕರನ್ನು ಆಹ್ವಾನಿಸಿದ ಆ ಪಂಡಿತನ ವಿನಯವು ನಮಗೂ ದೊರೆಯಲಿ.