ಬೆಟ್ಟದ ಅಂಚಿನಲ್ಲಿ ತಲೆ ಸುತ್ತಿದರೆ ಕರ್ಪೂರ ಮೂಸಿದರೆ ಸಾಕೇ?

ಮಳೆಗಾಲದಲ್ಲಿ ಮುಳ್ಳಯ್ಯನಗಿರಿ, ಕೊಡಚಾದ್ರಿ, ರಾಣಿ ಝರಿಯ ಫೋಟೊಗಳು ಸ್ಟೇಟಸ್‌ಗಳಲ್ಲಿ ತುಂಬಿಕೊಳ್ಳುವಾಗ ಜೊತೆಗೊಂದು ಸಲಹೆಯೂ ಓಡಾಡುತ್ತದೆ. ‘ಬೆಟ್ಟದ ತುದಿಯಲ್ಲಿ ಆಕ್ಸಿಜನ್ ಕಡಿಮೆ, ಅದಕ್ಕೇ ತಲೆ ಸುತ್ತುತ್ತದೆ. ಜೇಬಿನಲ್ಲಿ ಕರ್ಪೂರ ಇಟ್ಟುಕೊಂಡು ಮೂಸುತ್ತಿರಿ, ಏನೂ ಆಗಲ್ಲ.’

ಇದರಲ್ಲಿ ಕಾರಣವೂ ತಪ್ಪು, ಪರಿಹಾರವೂ ತಪ್ಪು. ಅಪಾಯ ಇರುವುದು ‘ಏನೂ ಆಗಲ್ಲ’ ಎಂಬ ಕೊನೆಯ ಮಾತಿನಲ್ಲಿ.

ಮೊದಲು ಆಕ್ಸಿಜನ್ ವಿಷಯ. ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 80ರಷ್ಟು ಇರುತ್ತದೆ. ಹತ್ತುವಾಗ ಏದುಸಿರು ಬರಬಹುದು. ಆದರೆ ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಡುವುದು 2,500 ಮೀಟರ್ ದಾಟಿದ ಮೇಲೆ. ಸಾಲದ್ದಕ್ಕೆ, ಅಂಚಿನಿಂದ ಹತ್ತು ಹೆಜ್ಜೆ ಹಿಂದೆ ಬಂದರೆ ತಲೆಸುತ್ತು ಕಡಿಮೆಯಾಗುತ್ತದಲ್ಲ? ಹತ್ತು ಹೆಜ್ಜೆಯಲ್ಲಿ ಆಕ್ಸಿಜನ್ ಹೆಚ್ಚಾಗುವುದಿಲ್ಲ.

ಕರ್ಪೂರ ಮೂಗಿನೊಳಗೆ ತಂಪಿನ ಅನುಭವ ಕೊಡುತ್ತದೆ, ಉಸಿರಾಟ ಸಲೀಸಾದಂತೆ ಅನಿಸುತ್ತದೆ. ರಕ್ತದ ಆಕ್ಸಿಜನ್ ಏರುವುದಿಲ್ಲ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ ಲವಂಗ, ಓಮ, ಕರ್ಪೂರದ ಪೊಟ್ಟಣದ ಮೆಸೇಜ್ ಬಂದಿತ್ತಲ್ಲ, ಇದು ಅದರ ತಮ್ಮ.

ಹಾಗಾದರೆ ತಲೆ ಸುತ್ತುವುದೇಕೆ? ನಾವು ಸುಮ್ಮನೆ ನಿಂತಿದ್ದರೂ ದೇಹ ಸದಾ ಸ್ವಲ್ಪ ಓಲಾಡುತ್ತಿರುತ್ತದೆ. ಕಣ್ಣು, ಒಳಕಿವಿ, ಕಾಲಿನ ಸ್ಪರ್ಶ ಈ ಮೂರೂ ಮಿದುಳಿಗೆ ವರದಿ ಕೊಡುತ್ತಿರುತ್ತವೆ, ಮಿದುಳು ಸರಿಪಡಿಸುತ್ತಿರುತ್ತದೆ. ಮನೆಯಲ್ಲಿ ಗೋಡೆಯೋ ಮೇಜೋ ಹತ್ತಿರದಲ್ಲೇ ಇರುವುದರಿಂದ ನಾವು ತುಸು ವಾಲಿದರೂ ಕಣ್ಣಿಗೆ ಗೊತ್ತಾಗುತ್ತದೆ. ಬಂಡೆಯ ಅಂಚಿನಲ್ಲಿ ಎದುರಿಗಿರುವುದು ದೂರದ ಕಣಿವೆ. ನೀವು ಸ್ವಲ್ಪ ವಾಲಿದರೆ ಆ ದೃಶ್ಯ ಬದಲಾಗುವುದೇ ಇಲ್ಲ. ‘ಅಲ್ಲಾಡಿಲ್ಲ’ ಎನ್ನುತ್ತದೆ ಕಣ್ಣು, ‘ಅಲ್ಲಾಡಿದೆ’ ಎನ್ನುತ್ತದೆ ಒಳಕಿವಿ. ಈ ಗೊಂದಲದಲ್ಲಿ ತಲೆ ಸುತ್ತುತ್ತದೆ, ಓಲಾಟವೂ ಹೆಚ್ಚುತ್ತದೆ. ಇದಕ್ಕೂ ಧೈರ್ಯಕ್ಕೂ ಸಂಬಂಧವಿಲ್ಲ, ಭಯವಿಲ್ಲದವರೂ ಓಲಾಡುತ್ತಾರೆ. ದಟ್ಟ ಮಂಜು ಕವಿದರಂತೂ ಕಣ್ಣಿಗೆ ಯಾವ ಆಧಾರವೂ ಉಳಿಯುವುದಿಲ್ಲ.

ಈ ಸ್ಥಿತಿಯಲ್ಲಿ ಫೋನ್ ಎತ್ತಿ ಸ್ಕ್ರೀನ್ ನೋಡುತ್ತಾ ಒಂದು ಹೆಜ್ಜೆ ಹಿಂದೆ ಇಟ್ಟರೆ? 2011ರ ಅಕ್ಟೋಬರ್‌ನಿಂದ 2017ರ ನವೆಂಬರ್‌ವರೆಗಿನ ಸುದ್ದಿ ವರದಿಗಳನ್ನು ಜಾಲಾಡಿದ ಒಂದು ಅಧ್ಯಯನಕ್ಕೆ ಜಗತ್ತಿನಾದ್ಯಂತ 259 ಸೆಲ್ಫಿ ಸಾವುಗಳು ಸಿಕ್ಕಿದ್ದವು. ಅತಿ ಹೆಚ್ಚು ಭಾರತದಲ್ಲಿ. ಎತ್ತರದಿಂದ ಬೀಳುವುದು ಅದರ ಮುಖ್ಯ ಕಾರಣಗಳಲ್ಲೊಂದು.

ತಲೆ ಸುತ್ತಿದ ಕೂಡಲೇ ಮಾಡಬೇಕಾದ್ದು ಸರಳ: ಇದ್ದಲ್ಲೇ ಕುಳಿತುಬಿಡಿ. ಹತ್ತಿರದ ಅಲ್ಲಾಡದ ವಸ್ತುವನ್ನು, ಒಂದು ಕಲ್ಲನ್ನೋ ನಿಮ್ಮ ಬ್ಯಾಗನ್ನೋ ನೋಡಿ. ತೇಲುವ ಮೋಡವನ್ನು ನೋಡಬೇಡಿ, ಕ್ಯಾಮೆರಾ ಜೂಮ್ ಮಾಡಬೇಡಿ. ಆಮೇಲೆ ಕುಳಿತುಕೊಂಡೇ ಹಿಂದೆ ಸರಿಯಿರಿ. ನೋಡಿದವರು ನಗಬಹುದು, ನಗಲಿ.

ತಲೆ ಸುತ್ತದವರಿಗೂ ಅಂಚು ಮೋಸ ಮಾಡುತ್ತದೆ. ಪಶ್ಚಿಮ ಘಟ್ಟದಲ್ಲಿ ಮಳೆಗಾಲದ ಹುಲ್ಲು ಬಂಡೆಯ ಅಂಚನ್ನೂ ದಾಟಿ ಬಾಗಿಕೊಂಡಿರುತ್ತದೆ. ಹುಲ್ಲು ಮುಗಿಯುವ ಜಾಗವೇ ಅಂಚು ಎಂದುಕೊಂಡರೆ ಕಾಲಡಿ ಏನೂ ಇಲ್ಲದಿರಬಹುದು. ನೆನೆದ ಮಣ್ಣು ಕುಸಿಯುತ್ತದೆ, ಪಾಚಿಗಟ್ಟಿದ ಕಲ್ಲು ಜಾರುತ್ತದೆ. ಗಾಳಿಯೂ ಅಷ್ಟೇ: ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟು. ಬಿಚ್ಚಿದ ಕೊಡೆ, ಸಡಿಲ ರೇನ್‌ಕೋಟ್ ಹಡಗಿನ ಹಾಯಿಯಂತೆ ವರ್ತಿಸುತ್ತವೆ. ಎದುರುಗಾಳಿಗೆ ಮೈಯೊಡ್ಡಿ ಬಾಗಿ ನಿಂತಾಗ ಗಾಳಿ ಥಟ್ಟನೆ ನಿಂತರೆ ನೀವು ಮುಂದಕ್ಕೆ ಮುಗ್ಗರಿಸುತ್ತೀರಿ.

ಬೇಲಿ ಇದ್ದಲ್ಲಿ ಅದರ ಈಚೆ ಇರಿ. ಇಲ್ಲದ ಕಡೆ ಅಂಚಿನಿಂದ ನಿಮ್ಮ ಎತ್ತರದ ಎರಡರಷ್ಟಾದರೂ ದೂರ ನಿಲ್ಲಿ. ಇದು ನನ್ನ ಲೆಕ್ಕ, ಮಳೆಯಿದ್ದರೆ ಇನ್ನೂ ದೂರ. ಯಾರಾದರೂ ಜಾರಿ ಬಿದ್ದರೆ ಹಿಂದೆಯೇ ಇಳಿಯಬೇಡಿ, 112ಕ್ಕೆ ಕರೆ ಮಾಡಿ. ಘಟ್ಟದಲ್ಲಿ ನೆಟ್‌ವರ್ಕ್ ಕೈಕೊಡುವುದೇ ಹೆಚ್ಚು, ಹಾಗಾಗಿ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ ಎಂಬುದನ್ನು ಹೊರಡುವ ಮೊದಲೇ ಮನೆಯವರಿಗೆ ಹೇಳಿಡಿ.