ಗಿಡದ ಕೆಳಗೆ ಮಲಗಿದ ಪ್ರವಾದಿ



ಅಕ್ಟೋಬರ್ 1ರಂದು ನಾವು ಬಾಲಯೇಸುವಿನ ಸಂತ ತೆರೇಸಾರವರ ಹಬ್ಬವನ್ನು ಆಚರಿಸುತ್ತೇವೆ. ಅವರ ತಂದೆ ಲೂಯಿ ಮಾರ್ಟಿನ್ 1889ರಿಂದ 1892ರವರೆಗೆ ಫ್ರಾನ್ಸಿನ ಕಾನ್ ಪಟ್ಟಣದ ಮಾನಸಿಕ ಆಸ್ಪತ್ರೆಯಲ್ಲಿದ್ದರು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಹೆಣ್ಣುಮಕ್ಕಳು ಮಠ ಸೇರಿದ್ದೇ ಇದಕ್ಕೆ ಕಾರಣವೆಂದು ಊರಿನವರು ಆಡಿಕೊಂಡರು. ಅದೇ ಲೂಯಿಯವರನ್ನು 2015ರಲ್ಲಿ ಪೋಪ್ ಫ್ರಾನ್ಸಿಸ್ ಸಂತರೆಂದು ಘೋಷಿಸಿದರು. ಮನಸ್ಸಿನ ಕಾಯಿಲೆ ಪಾವಿತ್ರ್ಯಕ್ಕೆ ಅಡ್ಡಿಯಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಅವರ ಕಾಯಿಲೆ ಬೇರೆ. ನಮ್ಮ ಮನೆಗಳಲ್ಲಿ ಸದ್ದಿಲ್ಲದೆ ಬಂದು ಕೂರುವುದು ಖಿನ್ನತೆ. ಎರಡು ವಾರಕ್ಕೂ ಹೆಚ್ಚು ಕಾಲ ದಿನವಿಡೀ ಮನಸ್ಸು ಕುಗ್ಗಿರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ನಿದ್ದೆ ಹಸಿವು ಕೆಡುವುದು, ತಾನು ಯಾರಿಗೂ ಬೇಡವೆನಿಸುವುದು ಇದರ ಗುರುತುಗಳು. ಇದು ಸೋಮಾರಿತನವಲ್ಲ, ಪಾಪದ ಶಿಕ್ಷೆಯಲ್ಲ, ವಿಶ್ವಾಸದ ಕೊರತೆಯೂ ಅಲ್ಲ.

ಈ ಮಾತನ್ನು ನಾವೂ ತಡವಾಗಿಯೇ ಕಲಿತೆವು. ಹಿಂದೊಮ್ಮೆ ಪೂಜೆ ಮುಗಿದ ಮೇಲೆ ಒಬ್ಬ ತಾಯಿ ಬಂದು, “ಸ್ವಾಮಿ, ಬೆಳಗಾದರೆ ಭಯವಾಗುತ್ತದೆ” ಎಂದರು. “ಒಂಬತ್ತು ದಿನ ನೊವೇನ ಮಾಡಮ್ಮ, ಎಲ್ಲ ಸರಿಹೋಗುತ್ತದೆ” ಎಂದು ಕಳುಹಿಸಿಬಿಟ್ಟೆವು. ಆಕೆ ನೊವೇನ ಮುಗಿಸಿದರು, ಸರಿಹೋಗಲಿಲ್ಲ. ದೇವರಿಗೂ ತಾನು ಬೇಡವಾದೆ ಎಂದುಕೊಂಡು ಹಾಸಿಗೆ ಹಿಡಿದರು. ನಮ್ಮ ಮಾತು ಆಕೆಯ ಹೊರೆಯನ್ನು ಹೆಚ್ಚಿಸಿತ್ತು.

1 ಅರಸುಗಳು 19ನೇ ಅಧ್ಯಾಯವನ್ನು ಆಮೇಲೆ ಮತ್ತೆ ಓದಿದೆವು. ಎಲೀಯನು ಮರುಭೂಮಿಯಲ್ಲಿ ಒಂದು ಗಿಡದ ಕೆಳಗೆ ಕುಳಿತು ಸಾವನ್ನು ಬೇಡುತ್ತಾನೆ. ದೇವದೂತನು ಅವನನ್ನು ಗದರಿಸಲಿಲ್ಲ, ಉಪದೇಶ ಮಾಡಲಿಲ್ಲ. ಮುಟ್ಟಿ ಎಬ್ಬಿಸಿದ, ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ಎರಡನೆಯ ಸಲವೂ ಬಂದ. ದಾರಿ ದೂರವಿದೆ ಎಂಬುದನ್ನೂ ಮರೆಮಾಚಲಿಲ್ಲ. ಹೋರೇಬ್ ಬೆಟ್ಟದಲ್ಲಿ ಸರ್ವೇಶ್ವರ ಬಿರುಗಾಳಿಯಲ್ಲಿ ಇರಲಿಲ್ಲ, ಭೂಕಂಪದಲ್ಲಿ ಇರಲಿಲ್ಲ. ಮೆಲ್ಲನೆಯ ಸ್ವರದಲ್ಲಿ ಮಾತನಾಡಿದರು. ಕೊನೆಗೆ ಎಲೀಯನಿಗೆ ಮಾಡಲು ಕೆಲಸವನ್ನೂ, ಜೊತೆಗೆ ಎಲೀಷನನ್ನೂ ಕೊಟ್ಟರು.

ಆ ತಾಯಿಯನ್ನು ಮನೆಯವರು ಜಿಲ್ಲಾಸ್ಪತ್ರೆಗೆ ಕರೆದೊಯ್ದರು. ಇಂತಹ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರಗಳೇ ಬೇಕು; ಅಷ್ಟರೊಳಗೆ ಬಿಟ್ಟುಬಿಡಬಾರದು. ಆಕೆ ಬಿಡಲಿಲ್ಲ. ಕಾಯಿಲೆ ಪೂರ್ತಿ ಹೋಗಿದೆ ಎಂದು ಹೇಳಲಾರೆವು. ಕೆಲವು ತಿಂಗಳು ಮತ್ತೆ ಕತ್ತಲೆ ಕವಿಯುತ್ತದೆ. ಆದರೆ ಈಗ ಆಕೆ “ಇವತ್ತು ಆಗುತ್ತಿಲ್ಲ, ಜೊತೆಗಿರಿ” ಎಂದು ನಾಚದೆ ಕೇಳುತ್ತಾರೆ. ಸಾವಿನ ಮನೆಗೆ ಹೋದರೆ ಬುದ್ಧಿವಾದ ಹೇಳದೆ ಪಕ್ಕದಲ್ಲಿ ಕೂರುತ್ತಾರೆ. ಜಪಸರ ಪೂರ್ತಿ ಹೇಳಲಾಗದ ದಿನ ಒಂದೇ ಒಂದು ‘ನಮೋ ಮರಿಯಾ’ ಸಾಕೆಂದು ಬಲ್ಲರು. ಇದೇ ಬೆಳವಣಿಗೆ. ಕಾಯಿಲೆ ದೇವರು ಕೊಟ್ಟ ಬಹುಮಾನವಲ್ಲ. ಆದರೆ ಕಾಯಿಲೆಯ ನಡುವೆಯೂ ದೇವರು ಮನುಷ್ಯನನ್ನು ಬೆಳೆಸುವುದನ್ನು ನಿಲ್ಲಿಸುವುದಿಲ್ಲ.

ಕುಟುಂಬದವರೇ, “ನಿನಗೇನು ಕಡಿಮೆಯಾಗಿದೆ?” ಎಂದು ಕೇಳಬೇಡಿ. ಊಟ ಬಡಿಸಿ, ಜೊತೆಗೆ ನಾಲ್ಕು ಹೆಜ್ಜೆ ನಡೆಯಿರಿ, ವೈದ್ಯರಲ್ಲಿಗೆ ಕರೆದೊಯ್ಯಿರಿ. ಸಾಯುವ ಮಾತು ಬಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ, ಒಬ್ಬರನ್ನೇ ಬಿಡಬೇಡಿ. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಹಗಲಿರುಳು ಕರೆ ಮಾಡಬಹುದು, ಕನ್ನಡದಲ್ಲೇ ಮಾತನಾಡಬಹುದು.

ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ. ಸಂತ ತೆರೇಸಾರ ಹಬ್ಬದಿಂದ ಆ ದಿನದವರೆಗೆ, ನಮ್ಮ ಧರ್ಮಕೇಂದ್ರದಲ್ಲಿ ಕೆಲವು ವಾರಗಳಿಂದ ಪೂಜೆಗೆ ಬಾರದವರ ಮನೆಯ ಬಾಗಿಲು ತಟ್ಟೋಣ. ಕೈಯಲ್ಲಿ ರೊಟ್ಟಿ ನೀರು ಇರಲಿ; ಉಪದೇಶ ಬೇಡ. ಒಂದು ಸಲ ಸಾಲದಿದ್ದರೆ, ಆ ದೂತನಂತೆ ಎರಡನೆಯ ಸಲವೂ ಹೋಗೋಣ.